ಎರಡು ವಿಮಾನ ನಿಲ್ದಾಣಗಳ ನಡುವಿನ ನಾಡು

ಕಾಸರಗೋಡು ಜಿಲ್ಲೆಯ ಉತ್ತರಕ್ಕೆ ಒಂದು ವಿಮಾನ ನಿಲ್ದಾಣವಿದೆ, ದಕ್ಷಿಣಕ್ಕೆ ಇನ್ನೊಂದಿದೆ. ಜಿಲ್ಲೆಯೊಳಗೆ ಒಂದೂ ಇಲ್ಲ. ಉತ್ತರದ ನಿಲ್ದಾಣ ಮಂಗಳೂರಿನದು, ಬಜ್ಪೆಯ ಗುಡ್ಡದ ಮೇಲೆ, ಕರ್ನಾಟಕದ ನೆಲದಲ್ಲಿ. ದಕ್ಷಿಣದ್ದು ಕಣ್ಣೂರಿನದು, ಮಟ್ಟನ್ನೂರಿನ ಗುಡ್ಡದ ಮೇಲೆ, ಕೇರಳದ ನೆಲದಲ್ಲಿ. ಎರಡೂ ಮುರಕಲ್ಲಿನ ಗುಡ್ಡಗಳ ನೆತ್ತಿ ತಟ್ಟೆಯಾಗಿಸಿ ಕಟ್ಟಿದಂಥವು. ನಡುವೆ ಬದುಕುವ ಮನೆಗಳಲ್ಲಿ, ಗಲ್ಫಿಗೆ ಹೊರಡುವವರಿರಲಿ, ಊರಿಗೆ ಮರಳುವವರಿರಲಿ, ಟಿಕೆಟಿಗಿಂತ ಮೊದಲು ಏಳುವ ಪ್ರಶ್ನೆ ಒಂದೇ: ಯಾವುದು ಹತ್ತಿರ?

ಈ ಪ್ರಶ್ನೆಗೆ ಒಂದೇ ಉತ್ತರವಿದೆಯೆಂದು ಶಾಲೆಯ ಭೂಪಟ ನಂಬಿಸುತ್ತದೆ. ಅಳತೆಪಟ್ಟಿ ಇಟ್ಟು ಸೆಂಟಿಮೀಟರ್ ಎಣಿಸಿ, ಪಟದ ಮೂಲೆಯ ಪ್ರಮಾಣದಿಂದ ಗುಣಿಸಿದರೆ ದೂರ ಸಿದ್ಧ. ಮೊದಲು ಆ ಲೆಕ್ಕವನ್ನೇ ಮಾಡಿ ನೋಡುವುದು ಒಳ್ಳೆಯದು. ಎರಡು ನಿಲ್ದಾಣಗಳ ನಡುವಿನ ದೂರವನ್ನು ಹತ್ತನೆಯ ತರಗತಿಯ ಗಣಿತದಿಂದಲೇ, ಯಾವ ಯಂತ್ರದ ನೆರವೂ ಇಲ್ಲದೆ ಅಳೆಯಬಹುದು.

ಮಂಗಳೂರು ನಿಲ್ದಾಣವಿರುವುದು 12 ಡಿಗ್ರಿ 57.7 ನಿಮಿಷ ಉತ್ತರ ಅಕ್ಷಾಂಶ, 74 ಡಿಗ್ರಿ 53.4 ನಿಮಿಷ ಪೂರ್ವ ರೇಖಾಂಶದಲ್ಲಿ. ಕಣ್ಣೂರು ನಿಲ್ದಾಣ 11 ಡಿಗ್ರಿ 55.1 ನಿಮಿಷ ಉತ್ತರ, 75 ಡಿಗ್ರಿ 32.8 ನಿಮಿಷ ಪೂರ್ವದಲ್ಲಿ. ಇಲ್ಲಿ ನಿಮಿಷವೆಂದರೆ ಗಡಿಯಾರದ ನಿಮಿಷವಲ್ಲ, ಡಿಗ್ರಿಯ ಅರವತ್ತನೆಯ ಒಂದು ಪಾಲು. ಅಕ್ಷಾಂಶದ ಒಂದು ನಿಮಿಷ ನೆಲದ ಮೇಲೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಕಡಲಿನವರು ಕಂಡುಕೊಂಡ ಈ ಅಳತೆಯನ್ನೇ ವಿಮಾನದವರೂ ಇಟ್ಟುಕೊಂಡಿದ್ದಾರೆ. ಹಾಗಾದರೆ ದಕ್ಷಿಣೋತ್ತರ ಅಂತರ 62.6 ನಾಟಿಕಲ್ ಮೈಲು. ಪೂರ್ವಪಶ್ಚಿಮ ಅಂತರ 39.4 ನಿಮಿಷ, ಆದರೆ ಧ್ರುವದತ್ತ ಹೋದಂತೆ ರೇಖಾಂಶಗಳು ಒಂದಕ್ಕೊಂದು ಸಮೀಪಿಸುವುದರಿಂದ ಅದನ್ನು ಆ ಅಕ್ಷಾಂಶದ ಕೊಸೈನ್ ಬೆಲೆಯಿಂದ, ಇಲ್ಲಿ ಸುಮಾರು 0.977ರಿಂದ, ಗುಣಿಸಬೇಕು. ಬರುವುದು 38.5. ಇನ್ನು ಪೈಥಾಗೊರಸನ ಪ್ರಮೇಯ: ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 73.5 ನಾಟಿಕಲ್ ಮೈಲು. ಕಿಲೋಮೀಟರಿನಲ್ಲಿ 136.

ಭೂಮಿ ಗುಂಡಗಿರುವಾಗ ಚಪ್ಪಟೆ ತ್ರಿಕೋನದ ಲೆಕ್ಕ ಸರಿಯಾದೀತೇ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಕೇಳಬೇಕಾದ ಪ್ರಶ್ನೆಯೇ. ಬಜ್ಪೆಯಿಂದ ಮಟ್ಟನ್ನೂರಿಗೆ ಭೂಮಿಯನ್ನು ಕೊರೆದು ನೆಟ್ಟಗೆ ಸುರಂಗ ತೆಗೆದರೆ ಅದು ನಡುಮಧ್ಯದಲ್ಲಿ ಸಮುದ್ರಮಟ್ಟದ ಬಾಗಿಗಿಂತ ಸುಮಾರು 360 ಮೀಟರ್ ಆಳದಲ್ಲಿ ಸಾಗುತ್ತದೆ. ಬಾಗು ಅಷ್ಟಿದೆ. ಆದರೆ ಆ ಸುರಂಗದ ಉದ್ದಕ್ಕೂ ಮೇಲಿನ ಬಾಗಿದ ದಾರಿಯ ಉದ್ದಕ್ಕೂ ವ್ಯತ್ಯಾಸ ಮೂರು ಮೀಟರಿಗಿಂತ ಕಡಿಮೆ. ಇಷ್ಟು ಹತ್ತಿರದ ಊರುಗಳಿಗೆ ಚಪ್ಪಟೆ ಲೆಕ್ಕ ಸಾಕು. ದುಬಾಯಿಗೆ ಹೋಗುವಾಗ ಸಾಲದು. ಅಲ್ಲಿಗೆ ಗೋಳದ ಮೇಲೆ ದಾರ ಬಿಗಿದೇ ಅಳೆಯಬೇಕು.

ಈ 136 ಕಿಲೋಮೀಟರಿನ ಗೆರೆ ಯಾವ ಊರುಗಳ ಮೇಲೆ ಹಾದುಹೋಗುತ್ತದೆ ಎಂಬುದು ಅಂಕಿಗಿಂತ ಸ್ವಾರಸ್ಯಕರ. ಮಂಗಳೂರಿನಿಂದ ಕಣ್ಣೂರಿಗೆ ಎಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಕಡಲ ಕರೆ: ಉಳ್ಳಾಲ, ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ಕಾಞಂಗಾಡು, ಪಯ್ಯನ್ನೂರು. ರೈಲು ಹೋಗುವುದು ಹಾಗೆ, ಹೆದ್ದಾರಿ 66 ಹೋಗುವುದು ಹಾಗೆ. ನೇರ ಗೆರೆ ಹಾಗೆ ಹೋಗುವುದಿಲ್ಲ. ಕಣ್ಣೂರಿನ ನಿಲ್ದಾಣ ಕಣ್ಣೂರು ಪೇಟೆಯಿಂದ ಒಳನಾಡಿಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುವುದರಿಂದ ಗೆರೆ ಬಜ್ಪೆಯಿಂದ ಹೊರಟೊಡನೆ ಕಡಲಿಗೆ ಬೆನ್ನು ಹಾಕಿ ಆಗ್ನೇಯಕ್ಕೆ ವಾಲುತ್ತದೆ. ಮೊದಲು ಫಲ್ಗುಣಿ, ಆಮೇಲೆ ಫರಂಗಿಪೇಟೆಯ ಆಸುಪಾಸಿನಲ್ಲಿ ನೇತ್ರಾವತಿ. ವಿಟ್ಲವನ್ನು ಎಡಕ್ಕೆ ಬಿಟ್ಟು ರಾಜ್ಯದ ಗಡಿಯನ್ನು ದಾಟಿ ಪೆರ್ಲದ ಸಮೀಪಕ್ಕೆ ಬರುತ್ತದೆ. ಬದಿಯಡ್ಕ ಬಲಗಡೆ ಉಳಿಯುತ್ತದೆ. ಅದರ ಪಕ್ಕದ ಪೆರಡಾಲದಲ್ಲಿಯೇ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟರಾಗಿ, ಕೃಷಿಕರಾಗಿ ನೂರು ವರುಷದ ಬಾಳನ್ನು ಬಾಳಿದರು. ಅನಂತರ ಮುಳ್ಳೇರಿಯ. ಅಲ್ಲಿಂದ ಮುಂದೆ ಪಯಸ್ವಿನಿಯನ್ನು ದಾಟಿ ಕುತ್ತಿಕ್ಕೋಲು, ವೆಳ್ಳರಿಕುಂಡು, ತೇಜಸ್ವಿನಿಯ ದಡದ ಚೆರುಪುಳ, ಶ್ರೀಕಂಠಾಪುರದ ಹತ್ತಿರದ ಬೆಟ್ಟಗಳು, ಇರಿಕ್ಕೂರಿನಲ್ಲಿ ವಳಪಟ್ಟಣಂ ಹೊಳೆ, ಕೊನೆಗೆ ಮಟ್ಟನ್ನೂರು.

ಹೀಗೆ ಎರಡು ನಿಲ್ದಾಣಗಳನ್ನು ಜೋಡಿಸುವ ಗೆರೆ ಹಾದುಹೋಗುವುದು ಜಿಲ್ಲೆಯಲ್ಲಿ ರೈಲು ಕಾಣದ, ಹೆದ್ದಾರಿ ತಾಗದ ಭಾಗದ ಮೇಲೆ. ಆ ಗೆರೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ನೆಲದ ಮೇಲೆ ಹೊಸದಾಗಿ ಬಂದಿರುವುದು ಮಲೆನಾಡ ಹೆದ್ದಾರಿ. ಜಿಲ್ಲೆಯ ಉತ್ತರ ತುದಿಯ ನಂದಾರಪದವಿನಿಂದ ತಿರುವನಂತಪುರದ ಪಾರಶ್ಶಾಲೆಯವರೆಗೆ ಎಳೆದ ಆ ರಸ್ತೆ ಗುಡ್ಡ ಸುತ್ತಿ, ತೋಡು ದಾಟಿ, ಅಡಕೆ ತೋಟಗಳ ಅಂಚಿನಲ್ಲಿ ತಿರುವುತ್ತ ಸಾಗುತ್ತದೆ. ಮೇಲಿನ ಗೆರೆಗೆ ತಿರುವುಗಳಿಲ್ಲ. ಕೆಳಗಿನವರಿಗೆ ತಿರುವುಗಳೇ ದಾರಿ.

ಈ ಊರುಗಳ ಮೇಲೆ ಬಹಳ ತಗ್ಗಿನಲ್ಲಿ, ಮರದ ತುದಿಗೆ ತಾಗುವಂತೆ ಹಾರಿದ ಯಂತ್ರವೊಂದಿತ್ತು. ಅದು ಪ್ರಯಾಣಿಕರದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ತೋಟಗಾರಿಕಾ ನಿಗಮದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಎಣ್ಮಕಜೆ, ಕಾರಡ್ಕ, ಮುಳಿಯಾರುಗಳ ಹಿರಿಯರು ಮರೆತಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಈ ನಾಡಿನ ಮೇಲಿನ ಆಕಾಶಕ್ಕೆ ಅಂಥ ಒಂದು ಚರಿತ್ರೆಯೂ ಇದೆ ಎಂಬುದನ್ನು ಗೆರೆ ಎಳೆಯುವಾಗ ಬಿಟ್ಟುಬಿಡುವುದು ನ್ಯಾಯವಲ್ಲ.

ಇನ್ನು ಸಮಯದ ಮಾತು. ಈ ಗೆರೆಯಲ್ಲಿ ಹಾರಲು ಎಷ್ಟು ಹೊತ್ತು ಬೇಕು? ಸಣ್ಣ ಊರುಗಳಿಗೆ ಬರುವ ಎರಡು ಪಂಖದ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 136ನ್ನು 500ರಿಂದ ಭಾಗಿಸಿದರೆ ಹದಿನಾರು ನಿಮಿಷ ಚಿಲ್ಲರೆ. ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ವಿಮಾನದ ಲೆಕ್ಕ ಇಲ್ಲಿಂದ ಆರಂಭವಾಗುತ್ತದೆ.

ವಿಮಾನ ಗೆರೆಯ ಮೇಲೆ ನಿಂತು ಗೆರೆಯ ದಿಕ್ಕಿಗೆ ಹೊರಡುವುದಿಲ್ಲ. ರನ್‌ವೇ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿಗೇ ಏಳಬೇಕು, ಗಾಳಿಗೆ ಎದುರಾಗಿ ಏಳಬೇಕು. ಮಂಗಳೂರಿನ ರನ್‌ವೇಗೆ 06 ಮತ್ತು 24 ಎಂಬ ಅಂಕಿಗಳಿವೆ, ಕಣ್ಣೂರಿನದಕ್ಕೆ 07 ಮತ್ತು 25. ಇವು ದಿಕ್ಸೂಚಿಯ ಡಿಗ್ರಿಗಳನ್ನು ಹತ್ತರಿಂದ ಭಾಗಿಸಿ ಬರೆದವು: 24 ಎಂದರೆ 240 ಡಿಗ್ರಿ, ಅಂದರೆ ನೈಋತ್ಯ. ಮಳೆಗಾಲದಲ್ಲಿ ಗಾಳಿ ಕಡಲ ಕಡೆಯಿಂದ ಬೀಸುವುದರಿಂದ ಮಂಗಳೂರಿನಿಂದ ಹೊರಡುವ ವಿಮಾನ ಸಾಮಾನ್ಯವಾಗಿ ಕಡಲಿನತ್ತ ಏಳುತ್ತದೆ. ಮಟ್ಟನ್ನೂರಿಗೆ ಹೋಗಬೇಕಾದ ದಿಕ್ಕು ಸುಮಾರು 148 ಡಿಗ್ರಿ. ಎಂದರೆ ಎದ್ದ ಮೇಲೆ ಎಡಕ್ಕೆ ತೊಂಬತ್ತು ಡಿಗ್ರಿಯಷ್ಟು ತಿರುಗಬೇಕು. ಇಳಿಯುವಾಗಲೂ ಗಾಳಿಗೆ ಎದುರಾಗಬೇಕಾದ್ದರಿಂದ ಮಟ್ಟನ್ನೂರನ್ನು ದಾಟಿ ಪೂರ್ವಕ್ಕೆ ಸರಿದು, ಪಶ್ಚಿಮ ಘಟ್ಟದ ಕಡೆಯಿಂದ ಹಿಂದಿರುಗಿ ಬರಬೇಕು. ಇದಕ್ಕೆ ಏರಿಳಿತದ ನಿಧಾನವನ್ನೂ ಸೇರಿಸಬೇಕು. 10,000 ಅಡಿಗಿಂತ ಕೆಳಗೆ ವೇಗ 250 ನಾಟ್, ಎಂದರೆ ಗಂಟೆಗೆ 463 ಕಿಲೋಮೀಟರ್ ಮೀರಬಾರದೆಂಬುದು ಸಾಮಾನ್ಯ ನಿಯಮ. ಇಷ್ಟು ಚಿಕ್ಕ ಹಾರಾಟದಲ್ಲಿ ದೊಡ್ಡ ಜೆಟ್ ವಿಮಾನವೂ ಬಹುಪಾಲು ಆ ಎತ್ತರದ ಆಚೀಚೆಯೇ ಉಳಿಯುವುದರಿಂದ ಅದರ ವೇಗದ ಹೆಮ್ಮೆ ಇಲ್ಲಿ ನಡೆಯುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ಗಾಳಿ ಎದುರಾದರೆ ಎರಡು ನಿಮಿಷ ಹೆಚ್ಚು, ಬೆನ್ನಿಗೆ ಬಂದರೆ ಎರಡು ನಿಮಿಷ ಕಡಿಮೆ. ಅದು ಗಣನೆಗೆ ಬಾರದ ಸಂಗತಿ.

ಎಲ್ಲ ಕೂಡಿ ಗಾಳಿಯಲ್ಲಿ ಅರ್ಧ ಗಂಟೆ. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಅದೂ ಅಲ್ಲ. ನಿಂತ ವಿಮಾನದ ಗಾಲಿಯಿಂದ ಅಡ್ಡಕಟ್ಟೆ ತೆಗೆದ ಗಳಿಗೆಯಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಗಾಲಿಗೆ ಅಡ್ಡಕಟ್ಟೆ ಇಡುವ ಗಳಿಗೆಯವರೆಗಿನ ಕಾಲ, ಅಂದರೆ ಬ್ಲಾಕ್ ಸಮಯ, ಟಿಕೆಟಿನ ಮೇಲೆ ಬರುತ್ತದೆ. ಬಜ್ಪೆ-ಮಟ್ಟನ್ನೂರಿಗೆ ಅದು ಮುಕ್ಕಾಲು ಗಂಟೆಗೆ ಕಡಿಮೆಯಾಗದು. ಹದಿನಾರು, ಮೂವತ್ತು, ನಲವತ್ತೈದು: ಒಂದೇ ಹಾರಾಟಕ್ಕೆ ಮೂರು ಸಮಯಗಳು, ಮೂರೂ ಸತ್ಯ. ಮಂಗಳೂರಿನಿಂದ ಬೆಂಗಳೂರಿಗೆ ನೇರ ದೂರ ಸುಮಾರು 306 ಕಿಲೋಮೀಟರ್, ಎರಡು ಪಟ್ಟಿಗಿಂತ ಹೆಚ್ಚು. ವೇಳಾಪಟ್ಟಿಯಲ್ಲಿ ಅದಕ್ಕೆ ತಗಲುವುದು ಒಂದು ಗಂಟೆಯ ಮೇಲೆ ಕೆಲವು ನಿಮಿಷ ಮಾತ್ರ. ದೂರ ಇಮ್ಮಡಿಯಾದರೆ ಸಮಯ ಇಮ್ಮಡಿಯಾಗುವುದಿಲ್ಲ. ಏಳುವುದಕ್ಕೂ ಇಳಿಯುವುದಕ್ಕೂ ತೆರುವ ಕಾಲ ಎಲ್ಲ ಹಾರಾಟಗಳಿಗೂ ಹೆಚ್ಚುಕಡಿಮೆ ಒಂದೇ. ಹತ್ತಿರದ ಊರುಗಳಿಗೆ ಅದೇ ದೊಡ್ಡ ಪಾಲಾಗುತ್ತದೆ.

ವಾಸ್ತವದಲ್ಲಿ ಯಾರೂ ಬಜ್ಪೆಯಿಂದ ಮಟ್ಟನ್ನೂರಿಗೆ ಹಾರಿ ಹೋಗುವುದಿಲ್ಲ. ಹೋಗಲೇಬೇಕೆಂದು ಹಟ ಹಿಡಿದವನನ್ನು ಟಿಕೆಟಿನವರು ಬೆಂಗಳೂರಿನ ಮೂಲಕ ಕಳಿಸಿಯಾರು: ಹೋಗಲು 306, ಮರಳಿ ಬರಲು 274, ಒಟ್ಟು 580 ಕಿಲೋಮೀಟರ್. ನೇರ ದೂರದ ನಾಲ್ಕು ಪಟ್ಟಿಗಿಂತ ಹೆಚ್ಚು. ಬಸ್ಸು ಹಿಡಿದವನು ಅದಕ್ಕೆ ಮೊದಲೇ ತಲುಪಿ ಊಟ ಮುಗಿಸಿರುತ್ತಾನೆ. ಕುತೂಹಲದ ಸಂಗತಿಯೆಂದರೆ, 1935ರಲ್ಲಿ ಟಾಟಾ ಸಂಸ್ಥೆ ಮುಂಬಯಿ-ತಿರುವನಂತಪುರ ನಡುವೆ ವಾರಕ್ಕೊಮ್ಮೆ ವಿಮಾನ ಹಾರಿಸಿದಾಗ ಅದು ಗೋವೆಯಲ್ಲಿಯೂ ಕಣ್ಣೂರಿನಲ್ಲಿಯೂ ಇಳಿಯುತ್ತಿತ್ತು. ಆಗ ಮಂಗಳೂರಿಗೆ ವಿಮಾನ ನಿಲ್ದಾಣವೇ ಇರಲಿಲ್ಲ. ಬಜ್ಪೆಯಲ್ಲಿ ಜವಾಹರಲಾಲ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣವನ್ನು ತೆರೆದದ್ದು 1951ರ ಡಿಸೆಂಬರ್ 25ರಂದು. ಕಣ್ಣೂರಿನವರು ಮುಂದೆ ಹಲವು ದಶಕ ನಿಲ್ದಾಣವಿಲ್ಲದೆ ಕಳೆದು, 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ 3,050 ಮೀಟರ್ ಉದ್ದದ ರನ್‌ವೇಯೊಂದಿಗೆ ಮತ್ತೆ ಆಕಾಶಕ್ಕೆ ಬಂದರು.

ದೂರವನ್ನು ಅಳೆಯುವ ಬಗೆ ಕಾನೂನಿಗೂ ಬೇಕು. 1897ರ ಸಾಮಾನ್ಯ ಖಂಡಗಳ ಕಾಯಿದೆಯ 11ನೆಯ ಕಲಮು ಇದನ್ನು ಒಂದೇ ವಾಕ್ಯದಲ್ಲಿ ತೀರ್ಮಾನಿಸಿದೆ: ಕೇಂದ್ರದ ಯಾವುದೇ ಕಾಯಿದೆಯಲ್ಲಿ ದೂರವೆಂದು ಹೇಳಿದ್ದರೆ, ಬೇರೆ ಉದ್ದೇಶ ಕಾಣದ ಹೊರತು, ಅದನ್ನು ಸಮತಲದ ಮೇಲೆ ನೇರ ಗೆರೆಯಲ್ಲಿ ಅಳೆಯತಕ್ಕದ್ದು. ಬೆಟ್ಟವಿದ್ದರೆ ಇಲ್ಲವೆಂದೇ ಲೆಕ್ಕ, ಹೊಳೆಯಿದ್ದರೆ ಬತ್ತಿದೆಯೆಂದೇ ಲೆಕ್ಕ. ವಿಮಾನಗಳು ಬರುವ ಮುನ್ನವೇ, ರೈಟ್ ಸೋದರರಿಗಿಂತ ಆರು ವರುಷ ಮೊದಲು, ಕಾನೂನು ಹಕ್ಕಿಯ ಕಣ್ಣಿನಿಂದ ನೆಲವನ್ನು ನೋಡಿತ್ತು. ಬಸ್ಸಿನ ನಿರ್ವಾಹಕನಿಗೆ ಈ ಕಲಮು ಗೊತ್ತಿಲ್ಲದಿರುವುದು ಅವನ ಸಂಸ್ಥೆಯ ಪುಣ್ಯ; ಅವನು ರಸ್ತೆಯ ಹಂತ ಎಣಿಸಿಯೇ ಚೀಟಿ ಹರಿಯುತ್ತಾನೆ.

ಸಿವಿಲ್ ಪ್ರಕ್ರಿಯಾ ಸಂಹಿತೆ ಇಷ್ಟು ಕಠಿಣವಲ್ಲ. ಅದರ 16ನೆಯ ಆದೇಶದ 19ನೆಯ ನಿಯಮ ಸಾಕ್ಷಿಯನ್ನು ಎಷ್ಟು ದೂರದಿಂದ ಕರೆಸಬಹುದೆಂದು ಹೇಳುತ್ತದೆ. ನ್ಯಾಯಾಲಯದ ವ್ಯಾಪ್ತಿಯ ಹೊರಗಿರುವವನನ್ನು 100 ಕಿಲೋಮೀಟರಿನೊಳಗಿದ್ದರೆ ಕರೆಸಬಹುದು. ದಾರಿಯ ಆರರಲ್ಲಿ ಐದು ಪಾಲಿಗೆ ರೈಲೋ ಹಡಗೋ ಬೇರೆ ಸಾರ್ವಜನಿಕ ವಾಹನವೋ ಇದ್ದರೆ 500 ಕಿಲೋಮೀಟರಿನೊಳಗಿನಿಂದ ಕರೆಸಬಹುದು. ಎರಡು ಊರುಗಳ ನಡುವೆ ವಿಮಾನವಿದ್ದು ಅದರ ಪ್ರಯಾಣದರ ಕೊಟ್ಟರೆ ದೂರದ ಮಿತಿಯೇ ಇಲ್ಲ. ಇಲ್ಲಿ ಕಾನೂನು ಕಿಲೋಮೀಟರನ್ನು ಮಾತ್ರ ನೋಡಲಿಲ್ಲ; ಮನುಷ್ಯ ಹೇಗೆ ಬರುತ್ತಾನೆ ಎಂಬುದನ್ನೂ ನೋಡಿತು. ದೂರವೆಂಬುದು ವಾಹನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ ಎಂಬ ವಿವೇಕ ಈ ನಿಯಮದಲ್ಲಿದೆ.

ವಿಮಾನ ನಿಲ್ದಾಣಗಳ ನೀತಿ ಮಾತ್ರ ಮತ್ತೆ ನೇರ ಗೆರೆಗೇ ಮರಳುತ್ತದೆ. 2008ರ ಕೇಂದ್ರ ನೀತಿಯ ಪ್ರಕಾರ ಈಗಾಗಲೇ ಇರುವ ನಾಗರಿಕ ನಿಲ್ದಾಣದಿಂದ 150 ಕಿಲೋಮೀಟರ್ ವೈಮಾನಿಕ ದೂರದೊಳಗೆ ಹೊಸದನ್ನು ಕಟ್ಟಬೇಕೆಂದರೆ, ಹಳೆಯದರ ಮೇಲೆ ಆಗುವ ಪರಿಣಾಮವನ್ನು ಪರಿಶೀಲಿಸಿ ಪ್ರತ್ಯೇಕವಾಗಿ ತೀರ್ಮಾನಿಸಬೇಕು. ಕಣ್ಣೂರು ಮಂಗಳೂರಿನಿಂದ 136, ಕೋಯಿಕ್ಕೋಡು ನಿಲ್ದಾಣದಿಂದ ನೂರಕ್ಕೂ ಕಡಿಮೆ. ಎರಡೂ ಕಡೆ ಮಿತಿಯೊಳಗೆ. ಆದರೂ ಅದು ಬಂತು. 2016ರ ಉಡಾನ್ ಯೋಜನೆಯ ಮೊದಲ ರೂಪದಲ್ಲಿ ಸಹಾಯಧನ ಪಡೆಯುವ ಮಾರ್ಗದ ಉದ್ದ 200ರಿಂದ 800 ಕಿಲೋಮೀಟರ್ ಇರಬೇಕಿತ್ತು. ಗುಡ್ಡಗಾಡು, ದ್ವೀಪ, ದುರ್ಗಮ ಪ್ರದೇಶಗಳಿಗೆ ಕೆಳಮಿತಿ ಇರಲಿಲ್ಲ. ಆ ಲೆಕ್ಕದಲ್ಲಿ ಬಜ್ಪೆ-ಮಟ್ಟನ್ನೂರು ಗೆರೆ ಯಾವ ಸಹಾಯಕ್ಕೂ ತೀರ ಗಿಡ್ಡ. ಕಾಸರಗೋಡಿಗೆ ಪೆರಿಯದಲ್ಲಿ ಸಣ್ಣ ವಿಮಾನಗಳ ಪಟ್ಟಿಯೊಂದು ಬೇಕೆಂಬ ಪ್ರಸ್ತಾವ ಆಗಾಗ ಸುದ್ದಿಯಾಗುತ್ತದೆ. ಪೆರಿಯದಿಂದ ಎರಡೂ ನಿಲ್ದಾಣಗಳಿಗೆ ನೇರ ದೂರ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಪಟದ ಮೇಲೆ ನೋಡುವವರಿಗೆ ಎರಡು ಕೊಡೆಗಳ ಕೆಳಗೆ ನಿಂತವನು ಮೂರನೆಯದನ್ನು ಕೇಳಿದಂತೆ ಕಂಡೀತು. ನಿಂತವನ ತಲೆ ಒದ್ದೆಯಾಗುತ್ತಿದೆಯೇ ಎಂದು ಪಟ ಹೇಳುವುದಿಲ್ಲ.

ಒಂದು ಕೊಡೆ ಇನ್ನೊಂದು ರಾಜ್ಯದವರ ಕೈಯಲ್ಲಿದೆ ಎಂಬುದನ್ನು ಸಹ ಪಟ ಹೇಳುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಸೋಂಕಿನ ಭಯದಿಂದ ತಲಪಾಡಿಯಲ್ಲಿಯೂ ಒಳದಾರಿಗಳಲ್ಲಿಯೂ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜಿಲ್ಲೆಯ ರೋಗಿಗಳು ಮಣ್ಣಿನ ದಿಬ್ಬದ ಈಚೆ ಉಳಿದರು, ಕೆಲವರು ಅಲ್ಲಿಯೇ ಪ್ರಾಣ ಬಿಟ್ಟರು. ಕೇರಳ ಹೈಕೋರ್ಟು ಮಧ್ಯೆ ಬರಬೇಕಾಯಿತು. ಐವತ್ತು ಕಿಲೋಮೀಟರಿನ ದಾರಿ ಆ ದಿನಗಳಲ್ಲಿ ಎಷ್ಟು ಉದ್ದವಾಗಿತ್ತೆಂಬುದಕ್ಕೆ ಅಳತೆಪಟ್ಟಿ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ಮನೆಗಳಿಗೆ ಈ ನೇರ ಗೆರೆಯ ವಿಚಾರ ಇನ್ನೂ ಹತ್ತಿರದಲ್ಲಿದೆ. ಶಿಕ್ಷಣ ಹಕ್ಕು ಕಾಯಿದೆಯ ಕೆಳಗೆ ಕೇಂದ್ರ ಸರಕಾರ 2010ರಲ್ಲಿ ಮಾಡಿದ ನಿಯಮಗಳಲ್ಲಿ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕು. ಆದರೆ ಅಲ್ಲಿ ಬರೆದಿರುವುದು ಬರಿಯ ದೂರವೆಂದಲ್ಲ, ನಡೆಯುವ ದೂರವೆಂದು. 11ನೆಯ ಕಲಮಿನ ಬೇರೆ ಉದ್ದೇಶ ಎಂಬ ಮಾತು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಮಗು ಹಕ್ಕಿಯಲ್ಲ, ಕಾಲ್ನಡಿಗೆಯಲ್ಲಿ ಬರುವುದು. ದುರ್ಗಮ ನೆಲ, ಭೂಕುಸಿತ, ನೆರೆ, ರಸ್ತೆಯ ಅಭಾವ ಇದ್ದಲ್ಲಿ ಆ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಮಳೆಗಾಲದಲ್ಲಿ ತೋಡಿಗೆ ಹಾಕಿದ ಅಡಕೆ ಮರದ ಸಂಕ ಕೊಚ್ಚಿಹೋದರೆ ಆಚೆ ದಡದ ಶಾಲೆ ಎಷ್ಟು ದೂರ? ಪಟದ ಮೇಲೆ ಇನ್ನೂರು ಮೀಟರ್. ಸುತ್ತಿ ಹೋದರೆ ಮೂರು ಕಿಲೋಮೀಟರ್ ಆಗಿಬಿಡಬಹುದು. ಮತ್ತೊಂದು ಸಂಗತಿ ಆ ನಿಯಮದಲ್ಲಿ ಕಾಣದು: ಹತ್ತಿರದ ಶಾಲೆ ಬೇರೆ, ಹತ್ತಿರದ ಕನ್ನಡ ಶಾಲೆ ಬೇರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಎಷ್ಟು ಕಿಲೋಮೀಟರಿನೊಳಗಿದ್ದರೆ ಸಾಕಷ್ಟು ಎಂದು ಅದು ಹೇಳುವುದಿಲ್ಲ. ಕನ್ನಡ ತರಗತಿಯೊಂದು ಮುಚ್ಚುವಾಗ, ಇಂತಿಷ್ಟು ಕಿಲೋಮೀಟರಿನಲ್ಲಿ ಬೇರೆ ಶಾಲೆ ಇದೆಯಲ್ಲ ಎಂಬ ಮಾತು ಬಂದರೆ, ಯಾವ ಗೆರೆಯಲ್ಲಿ ಅಳೆದದ್ದು ಎಂದು ಹೆತ್ತವರು ಕೇಳಬಹುದು. ಬರಹದಲ್ಲಿಯೇ ಕೇಳಬೇಕು. ಸಭೆಯಲ್ಲಿ ಆಡಿದ ಮಾತು ಕಡತಕ್ಕೆ ಬರುವುದಿಲ್ಲ.

ಮರಳಿ ವಿಮಾನಕ್ಕೆ ಬರೋಣ. ದುಬಾಯಿಗೆ ಬಜ್ಪೆಯಿಂದ ಗೋಳದ ಮೇಲಿನ ದೂರ ಸುಮಾರು 2,460 ಕಿಲೋಮೀಟರ್, ಮಟ್ಟನ್ನೂರಿನಿಂದ ಸುಮಾರು 2,590. ವ್ಯತ್ಯಾಸ 130 ಕಿಲೋಮೀಟರಿನ ಒಳಗೆ. ಜೆಟ್ ವಿಮಾನಕ್ಕೆ ಹತ್ತು ನಿಮಿಷ. ಮೂರೂವರೆ ಗಂಟೆಯ ಪ್ರಯಾಣದಲ್ಲಿ ಹತ್ತು ನಿಮಿಷವನ್ನು ಯಾರೂ ಎಣಿಸುವುದಿಲ್ಲ. ಎಣಿಸುವುದು ಟಿಕೆಟಿನ ದರವನ್ನು, ಬಾಡಿಗೆ ಕಾರಿನ ದರವನ್ನು, ರಾತ್ರಿ ಗುಡ್ಡದ ದಾರಿಯಲ್ಲಿ ಚಾಲಕನಿಗೆ ನಿದ್ದೆ ಬಾರದಿರಲೆಂಬ ಹರಕೆಯನ್ನು.

ಕೆಲವು ಮನೆಗಳು ಇನ್ನೊಂದನ್ನು ಸಹ ಎಣಿಸುತ್ತವೆ. 2010ರ ಮೇ 22ರ ಮುಂಜಾನೆ ದುಬಾಯಿಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಅವರಲ್ಲಿ ಅನೇಕರು ಕಾಸರಗೋಡಿನವರು. ಅಂದು ನಿರ್ಣಾಯಕವಾದದ್ದು ಕೂಡ ಒಂದು ದೂರವೇ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನದ ಗಾಲಿ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ ಎಂದು ತನಿಖೆ ಕಂಡುಕೊಂಡಿತು. ಉಳಿದ 2,800 ಅಡಿಯಲ್ಲಿ ಅದು ನಿಲ್ಲಲಿಲ್ಲ. ಸಾವಿರಾರು ಕಿಲೋಮೀಟರ್ ಬಂದವರಿಗೆ ಸಾಲದೆ ಹೋದದ್ದು ಕೆಲವು ನೂರು ಅಡಿ. ಮಟ್ಟನ್ನೂರಿನ ರನ್‌ವೇ ಬಜ್ಪೆಯದಕ್ಕಿಂತ 600 ಮೀಟರ್ ಉದ್ದ. ಆ ಒಂದು ಕಾರಣಕ್ಕೆ ದೂರವಾದರೂ ಸರಿ, ದಕ್ಷಿಣಕ್ಕೇ ಹೋಗೋಣ ಎನ್ನುವ ಅಜ್ಜಿಯಂದಿರಿದ್ದರೆ ಅವರ ಮಾತನ್ನು ಅಂಜಿಕೆಯೆಂದು ತಳ್ಳಿಹಾಕುವುದು ಸುಲಭ. ಅವರದೂ ಒಂದು ಅಳತೆ.

ಆದರೆ ಗೆರೆಯ ಕೆಳಗಿನ ಬಹುಪಾಲು ಕನ್ನಡದ ಮನೆಗಳು ಉತ್ತರಕ್ಕೇ ಮುಖ ಮಾಡುತ್ತವೆ. ಮುಳ್ಳೇರಿಯದ ಒಂದು ಮನೆಯ ಲೆಕ್ಕವನ್ನು ನೋಡಬಹುದು. ಅಲ್ಲಿಂದ ಬಜ್ಪೆಗೆ ನೇರ ದೂರ 55 ಕಿಲೋಮೀಟರ್, ಮಟ್ಟನ್ನೂರಿಗೆ 81. ಕೂಡಿಸಿದರೆ ಸರಿಯಾಗಿ 136, ಏಕೆಂದರೆ ಮುಳ್ಳೇರಿಯ ಹೆಚ್ಚುಕಡಿಮೆ ಗೆರೆಯ ಮೇಲೆಯೇ ಇದೆ. ನೆಲದ ಮೇಲೆ ಬದಿಯಡ್ಕ, ಕುಂಬಳೆ, ತಲಪಾಡಿ, ಮಂಗಳೂರು ಸುತ್ತಿ ಬಜ್ಪೆ ಏರುವಷ್ಟರಲ್ಲಿ ಎಂಬತ್ತು ಕಿಲೋಮೀಟರಿನ ಹತ್ತಿರ ಆಗುತ್ತದೆ. ವಿಮಾನ ಬೆಳಗ್ಗೆ ಹತ್ತಕ್ಕೆ ಎಂದಿಟ್ಟುಕೊಂಡರೆ ಏಳಕ್ಕೆ ನಿಲ್ದಾಣದಲ್ಲಿರಬೇಕು. ಮಂಗಳೂರಿನ ಪೇಟೆಯಲ್ಲಿ ಗಾಡಿ ಸಿಕ್ಕಿಬಿದ್ದರೆ ಎಂಬ ಭಯ ಸೇರಿಸಿ ಮನೆಯಿಂದ ನಾಲ್ಕೂವರೆಗೆ ಹೊರಡಬೇಕು. ಅಮ್ಮ ಏಳುವುದು ಮೂರಕ್ಕೆ. ಕಟ್ಟಿಕೊಡುವ ಹಪ್ಪಳ, ಉಪ್ಪಿನಕಾಯಿ ಹಿಂದಿನ ರಾತ್ರಿಯೇ ಪೆಟ್ಟಿಗೆ ಸೇರಿರುತ್ತವೆ. ತೂಕದ ಕಾಟ ಬೇರೆ. ಅಪ್ಪ ಹೊರಡುವಾಗ ಚಿಕ್ಕವನು ನಿದ್ದೆಯಲ್ಲಿ, ದೊಡ್ಡವಳು ಚಾವಡಿಯ ಮೆಟ್ಟಿಲ ಮೇಲೆ.

ಹತ್ತಕ್ಕೆ ಹೊರಟ ವಿಮಾನ ಮೂರೂವರೆ ಗಂಟೆ ಹಾರಿ ದುಬಾಯಿಯಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು. ಒಂದೂವರೆ ಗಂಟೆ ಹಿಂದೆ ಇರುವ ಗಡಿಯಾರ ಅದು. ಮೊದಲ ಐವತ್ತೈದು ಕಿಲೋಮೀಟರಿಗೆ ಎರಡೂವರೆ ಗಂಟೆ, ಕಾಯುವುದಕ್ಕೆ ಮೂರು ಗಂಟೆ, ಮಿಕ್ಕ 2,460 ಕಿಲೋಮೀಟರಿಗೆ ಮೂರೂವರೆ. ಮುಳ್ಳೇರಿಯದಲ್ಲಿ ಆಗ ಒಂದೂವರೆ. ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು.